ಯಾರ ಮೈ, ಯಾವ ವಯಸ್ಸು, ಯಾವ ಹೊತ್ತು?

ಗಿನಿ ಪಿಗ್ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಮೈತುಂಬ ಕೂದಲು, ಬಾಯಲ್ಲಿ ಹಲ್ಲು. ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ಗುಡುಗುಡು ಓಡುತ್ತದೆ, ಒಂದೆರಡು ದಿನ ಕಳೆಯುವುದರೊಳಗೆ ಮೊಲೆಹಾಲಿನ ಜೊತೆಗೆ ಹುಲ್ಲನ್ನೂ ಮೆಲ್ಲತೊಡಗುತ್ತದೆ. ಇಲಿ ಮರಿಯ ಕಥೆ ಬೇರೆ. ಅದು ಕೂದಲಿಲ್ಲದೆ, ಕೆಂಪಗೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ. ಕಣ್ಣು ತೆರೆಯುವುದಕ್ಕೇ ಎರಡು ವಾರ ಬೇಕು. ಇಲಿಯ ಬಸಿರು ಮೂರು ವಾರಕ್ಕೆ ಮುಗಿದುಹೋಗುತ್ತದೆ, ಗಿನಿ ಪಿಗ್‌ನದು ಸುಮಾರು 68 ದಿನ. ಇಲಿ ಮರಿ ಹೊರಗೆ ಬಂದ ಮೇಲೆ ಮಾಡುವ ಬೆಳವಣಿಗೆಯ ಬಹುಪಾಲನ್ನು ಗಿನಿ ಪಿಗ್ ಮರಿ ತಾಯಿಯ ಹೊಟ್ಟೆಯಲ್ಲೇ ಮುಗಿಸಿಕೊಂಡು ಬಂದಿರುತ್ತದೆ.

ಈ ಪುಟ್ಟ ಪ್ರಾಣಿಯ ರಕ್ತದಲ್ಲಿ ಓಡಾಡುವ ಕೆಲವು ಹಾರ್ಮೋನುಗಳ ಲೆಕ್ಕ ನಮಗೇಕೆ ಬೇಕು ಎಂದು ಕೇಳಬಹುದು. ಬೇಕು. ಏಕೆಂದರೆ ಆಸ್ಪತ್ರೆಯ ಲ್ಯಾಬಿನಿಂದ ಬರುವ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದು ಅಂಕಿಯನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದನ್ನು ಗಿನಿ ಪಿಗ್‌ನಷ್ಟು ಚೆನ್ನಾಗಿ ಕಲಿಸುವ ಪ್ರಾಣಿಗಳು ಕಡಿಮೆ.

ಮೊದಲು ಗ್ರಂಥಿಯ ಪರಿಚಯ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅದರ ತಿರುಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ನಮ್ಮ ಇಂದಿನ ವಿಷಯ ತಿರುಳಲ್ಲ, ಹೊರಪದರ. ಅದರಲ್ಲಿ ಮೂರು ಪಟ್ಟಿಗಳಿವೆ. ಹೊರಗಿನ ಪಟ್ಟಿ ಅಲ್ಡೋಸ್ಟಿರೋನ್ ತಯಾರಿಸಿ ಮೈಯಲ್ಲಿ ಉಪ್ಪನ್ನೂ ನೀರನ್ನೂ ಉಳಿಸುತ್ತದೆ. ನಡುವಿನ ಪಟ್ಟಿಯದು ಕಾರ್ಟಿಸೋಲ್. ರಕ್ತದ ಸಕ್ಕರೆ, ರಕ್ತದೊತ್ತಡ, ಉರಿಯೂತ, ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಎಲ್ಲದರಲ್ಲೂ ಅದರ ಕೈವಾಡವಿದೆ. ಒಳಗಿನ ಪಟ್ಟಿ ಗಂಡು ಹಾರ್ಮೋನುಗಳ ಜಾತಿಗೆ ಸೇರಿದ ಕೆಲವನ್ನು ತಯಾರಿಸುತ್ತದೆ. ಮೂರಕ್ಕೂ ಕಚ್ಚಾ ಸಾಮಗ್ರಿ ಒಂದೇ, ನಾವೆಲ್ಲ ಬೈಯುವ ಕೊಲೆಸ್ಟರಾಲ್. ಒಂದೊಂದು ಹಂತದಲ್ಲಿ ಒಂದೊಂದು ಕಿಣ್ವ ಅದನ್ನು ಕತ್ತರಿಸಿ, ತಿದ್ದಿ, ಬೇರೆ ಬೇರೆ ಸ್ಟಿರಾಯ್ಡ್‌ಗಳನ್ನಾಗಿ ಮಾಡುತ್ತದೆ.

ಈ ಗ್ರಂಥಿ ಇಲ್ಲದೆ ಬದುಕಿಲ್ಲ ಎಂಬುದು ತಿಳಿದು ಒಂದೂವರೆ ಶತಮಾನ ದಾಟಿದೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ, ಅಡ್ರಿನಲ್ ಹಾಳಾದವರು ಬಡಕಲಾಗಿ, ಮೈ ಕಪ್ಪಾಗಿ, ಶಕ್ತಿ ಉಡುಗಿ ಸಾಯುವುದನ್ನು ವಿವರಿಸಿದ. ಅದರ ಹೊರಪದರದ ಹಾರ್ಮೋನುಗಳ ರಚನೆ ಮತ್ತು ಪರಿಣಾಮಗಳನ್ನು ಕಂಡುಹಿಡಿದ ಕೆಲಸಕ್ಕೆ ಎಡ್ವರ್ಡ್ ಕೆಂಡಾಲ್, ಟಾಡಿಯಸ್ ರೈಖ್‌ಸ್ಟೈನ್ ಮತ್ತು ಫಿಲಿಪ್ ಹೆಂಚ್ ಅವರಿಗೆ 1950ರ ನೊಬೆಲ್ ಬಂತು. ಗಿನಿ ಪಿಗ್‌ಗೂ ಅಡ್ರಿನಲ್‌ಗೂ ಇನ್ನೊಂದು ಹಳೆಯ ನಂಟಿದೆ. ನಮ್ಮಂತೆ ಅದಕ್ಕೂ ಸಿ ವಿಟಮಿನ್ ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಸ್ಕರ್ವಿ ರೋಗವನ್ನು ಪ್ರಯೋಗಾಲಯದಲ್ಲಿ ಮೊದಲು ತಂದು ತೋರಿಸಿದ್ದು ಗಿನಿ ಪಿಗ್‌ನಲ್ಲಿಯೇ. ದೇಹದಲ್ಲಿ ಸಿ ವಿಟಮಿನ್ ಅತಿ ಹೆಚ್ಚು ದಟ್ಟವಾಗಿ ಶೇಖರವಾಗುವ ಜಾಗಗಳಲ್ಲಿ ಅಡ್ರಿನಲ್ ಒಂದು. ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಆ ವಿಟಮಿನ್ನನ್ನು 1928ರಲ್ಲಿ ದನದ ಅಡ್ರಿನಲ್ ಗ್ರಂಥಿಗಳಿಂದಲೇ ಬೇರ್ಪಡಿಸಿದ.

ಈಗ ಮೊದಲ ಪ್ರಶ್ನೆಗೆ ಬರೋಣ: ಯಾರ ಮೈ?

ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಲಿ, ಸುಂಡಿಲಿ. ಅವುಗಳ ಅಡ್ರಿನಲ್‌ನಲ್ಲಿ ಕಾರ್ಟಿಸೋಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವೇ ಇಲ್ಲ. ಹೀಗಾಗಿ ಅವು ಕಾರ್ಟಿಸೋಲ್ ಬದಲು ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನಿನಿಂದ ಜೀವನ ನಡೆಸುತ್ತವೆ. ಇಲಿಯ ರಕ್ತದಲ್ಲಿ ಕಾರ್ಟಿಸೋಲ್ ಅಳೆಯಲು ಹೊರಟರೆ ಸಿಗುವುದು ಬಹುತೇಕ ಸೊನ್ನೆ. ಗಿನಿ ಪಿಗ್‌ನಲ್ಲಿ ಆ ಕಿಣ್ವ ಇದೆ, ಮನುಷ್ಯನಂತೆ ಅದರ ಮುಖ್ಯ ಹಾರ್ಮೋನ್ ಕಾರ್ಟಿಸೋಲ್. ಹಾಗಾಗಿ ಮನುಷ್ಯನ ಅಡ್ರಿನಲ್ ಬಗ್ಗೆ ತಿಳಿಯಬೇಕೆಂದವರು ಗಿನಿ ಪಿಗ್ ಕಡೆ ತಿರುಗಿದ್ದು ಸಹಜವೇ.

ಅಲ್ಲಿ ಅವರಿಗೊಂದು ಆಶ್ಚರ್ಯ ಕಾದಿತ್ತು. ಆರೋಗ್ಯವಾಗಿರುವ ಗಿನಿ ಪಿಗ್‌ನ ರಕ್ತದಲ್ಲಿ ಕಾರ್ಟಿಸೋಲ್ ಮಟ್ಟ ಬಹಳ ಮೇಲಿರುತ್ತದೆ. ಮನುಷ್ಯನಲ್ಲಿ ದಿನವಿಡೀ ಅಷ್ಟು ಕಾರ್ಟಿಸೋಲ್ ಹರಿದರೆ ಮುಖ ಊದಿ ದುಂಡಗಾಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ತುಂಬುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ವೈದ್ಯರು ಇದನ್ನು ಕುಶಿಂಗ್ ರೋಗಲಕ್ಷಣ ಎನ್ನುತ್ತಾರೆ. ಗಿನಿ ಪಿಗ್‌ಗೆ ಇದ್ಯಾವುದೂ ಆಗುವುದಿಲ್ಲ. ಅದು ತನ್ನ ಪಾಡಿಗೆ ಹುಲ್ಲು ಮೆಲ್ಲುತ್ತ, ಶಿಳ್ಳೆ ಹಾಕುತ್ತ ಇರುತ್ತದೆ.

ಗುಟ್ಟು ಇರುವುದು ಜೀವಕೋಶಗಳ ಒಳಗೆ. ಕಾರ್ಟಿಸೋಲ್ ಕೆಲಸ ಮಾಡಬೇಕಾದರೆ ಕೋಶದೊಳಗಿನ ಗ್ರಾಹಕ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳಬೇಕು. ಗಿನಿ ಪಿಗ್‌ನ ಗ್ರಾಹಕದಲ್ಲಿ, ಹಾರ್ಮೋನ್ ಬಂದು ಕೂರುವ ಭಾಗದ ಕೆಲವು ಅಮೈನೋ ಆಮ್ಲಗಳು ಬೇರೆ ಆಗಿವೆ. ಹಿಡಿತ ಸಡಿಲ. ಕಿವಿ ಮಂದವಾದ ಅಜ್ಜನಿರುವ ಮನೆಯಲ್ಲಿ ರೇಡಿಯೊ ಜೋರಾಗಿಯೇ ಹಾಡುತ್ತದೆ. ಅಜ್ಜನಿಗೆ ಕೇಳಿಸುವುದು ಮಾತ್ರ ಹದವಾಗಿಯೇ. ಗಿನಿ ಪಿಗ್‌ನ ದೇಹ ಕಾರ್ಟಿಸೋಲ್ ಹೆಚ್ಚಿಸಿಕೊಂಡಿರುವುದು ಹೀಗೆ. ದಕ್ಷಿಣ ಅಮೆರಿಕದ ಕೆಲವು ಕೋತಿಗಳಲ್ಲಿಯೂ, ಉದಾಹರಣೆಗೆ ಅಳಿಲುಕೋತಿ ಮತ್ತು ಮಾರ್ಮೊಸೆಟ್‌ಗಳಲ್ಲಿ, ಕಾರ್ಟಿಸೋಲ್ ಮಟ್ಟ ತೀರಾ ಮೇಲಿದೆ, ಅವೂ ಆರಾಮವಾಗಿಯೇ ಇವೆ. ಆದರೆ ಅಳಿಲುಕೋತಿಯಲ್ಲಿ ಕಾರಣ ಬೇರೆ: ಗ್ರಾಹಕಕ್ಕೆ ಜೊತೆಯಾಗಿರುವ ಇನ್ನೊಂದು ಪ್ರೋಟೀನ್ ಅದರ ಕೆಲಸವನ್ನು ತಗ್ಗಿಸುತ್ತದೆ. ಗಿನಿ ಪಿಗ್‌ನ ಇನ್ಸುಲಿನ್ ಕೂಡ ಉಳಿದ ಸಸ್ತನಿಗಳದ್ದಕ್ಕಿಂತ ಬಹಳ ಭಿನ್ನ. ಆಂಡಿಸ್ ಬೆಟ್ಟಗಳಿಂದ ಬಂದ ಈ ಪ್ರಾಣಿಯ ಹಾರ್ಮೋನುಗಳ ಲೆಕ್ಕವೇ ಬೇರೆ.

ಇದರಿಂದ ಒಂದು ಉಪಯೋಗವೂ ಆಯಿತು. ಸ್ಟಿರಾಯ್ಡ್ ಕೊಟ್ಟರೆ ಸುಂಡಿಲಿ, ಇಲಿ, ಮೊಲಗಳಲ್ಲಿ ಬಿಳಿರಕ್ತಕಣಗಳ ಒಂದು ಬಗೆ ಸರಸರನೆ ಸಾಯುತ್ತದೆ. ಗಿನಿ ಪಿಗ್‌ನಲ್ಲಿಯೂ ಮನುಷ್ಯನಲ್ಲಿಯೂ ಹಾಗಾಗುವುದಿಲ್ಲ. ಸುಂಡಿಲಿಯಲ್ಲಿ ಕಂಡದ್ದನ್ನು ಹಾಗೇ ಮನುಷ್ಯನ ಮೇಲೆ ಹೇರಬಾರದು ಎಂಬ ಎಚ್ಚರ ವೈದ್ಯಲೋಕಕ್ಕೆ ಬಂದದ್ದರಲ್ಲಿ ಇಂಥ ಹೋಲಿಕೆಗಳ ಪಾಲು ದೊಡ್ಡದು.

ಎರಡನೆಯ ಪ್ರಶ್ನೆ: ಯಾವ ವಯಸ್ಸು?

ಹೊಟ್ಟೆಯೊಳಗಿನ ಮರಿಗೆ ಉಸಿರಾಡುವ ಕೆಲಸ ಇಲ್ಲ, ತಿಂದು ಅರಗಿಸುವ ಕೆಲಸ ಇಲ್ಲ. ಎಲ್ಲವನ್ನೂ ಮಾಸು ನೋಡಿಕೊಳ್ಳುತ್ತದೆ. ಹುಟ್ಟಿದ ಕ್ಷಣದಿಂದ ಎಲ್ಲವೂ ಮರಿಯ ಹೊಣೆ. ಈ ಬದಲಾವಣೆಗೆ ಸಿದ್ಧತೆ ಮಾಡಿಸುವುದು ಮುಖ್ಯವಾಗಿ ಮರಿಯದೇ ಕಾರ್ಟಿಸೋಲ್. ಬಸಿರಿನ ಕೊನೆಯ ದಿನಗಳಲ್ಲಿ ಅದರ ಮಟ್ಟ ಏರುತ್ತದೆ. ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಜಾರುವಸ್ತು ಆಗ ತಯಾರಾಗುತ್ತದೆ, ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಬೆಳೆಯುತ್ತದೆ, ಕರುಳು ಬಲಿಯುತ್ತದೆ, ಥೈರಾಯ್ಡ್ ಹಾರ್ಮೋನ್ ಚುರುಕಾದ ರೂಪಕ್ಕೆ ತಿರುಗುತ್ತದೆ. ದಿನ ತುಂಬುವುದು ಎಂದರೆ ದೇಹದ ಭಾಷೆಯಲ್ಲಿ ಬಹುಮಟ್ಟಿಗೆ ಇದೇ.

1970ರ ದಶಕದಲ್ಲಿ ಸಂಶೋಧಕರು ಆಗತಾನೆ ಹುಟ್ಟಿದ ಗಿನಿ ಪಿಗ್ ಮರಿಗಳ ರಕ್ತದಲ್ಲಿ ಅಲ್ಡೋಸ್ಟಿರೋನ್, ಕಾರ್ಟಿಸೋಲ್, ಕಾರ್ಟಿಕೋಸ್ಟಿರೋನ್ ಮೂರನ್ನೂ ಅಳೆಯುವ ಕೆಲಸಕ್ಕೆ ಕೈಹಾಕಿದ್ದು ಈ ಹಿನ್ನೆಲೆಯಲ್ಲಿ. ಹುಟ್ಟಿನ ಆಸುಪಾಸಿನಲ್ಲಿ ಮೇಲೇರಿದ ಕಾರ್ಟಿಸೋಲ್ ಆಮೇಲೆ ಇಳಿಯುತ್ತದೆ. ಹಾಗಾಗಿ ಮೊದಲ ಗಂಟೆಯ ಮರಿಯ ಅಂಕಿಯನ್ನು ಒಂದು ವಾರದ ಮರಿಯ ಅಂಕಿಯೊಂದಿಗೆ ಹೋಲಿಸಿದರೆ ದಾರಿ ತಪ್ಪುತ್ತದೆ. ಬೆಳೆದ ಗಿನಿ ಪಿಗ್‌ನೊಂದಿಗೆ ಹೋಲಿಸುವುದಂತೂ ಇನ್ನೂ ದೂರದ ಮಾತು. ಬಸಿರಾದ ಗಿನಿ ಪಿಗ್‌ನದು ಇನ್ನೊಂದೇ ಲೆಕ್ಕ: ಕಾರ್ಟಿಸೋಲನ್ನು ರಕ್ತದಲ್ಲಿ ಹೊತ್ತು ತಿರುಗುವ ಪ್ರೋಟೀನ್ ಆಗ ಬಹಳ ಹೆಚ್ಚುತ್ತದೆ, ಅದರ ಜೊತೆಗೆ ಒಟ್ಟು ಕಾರ್ಟಿಸೋಲ್ ಕೂಡ. ಪ್ರೋಟೀನಿಗೆ ಅಂಟಿಕೊಂಡ ಕಾರ್ಟಿಸೋಲ್ ಕೋಶದೊಳಗೆ ಹೋಗುವುದಿಲ್ಲ, ಬಿಡಿಯಾಗಿರುವುದಷ್ಟೇ ಕೆಲಸಕ್ಕೆ ಬರುವುದು. ಮಾಮೂಲಿ ಪರೀಕ್ಷೆ ಅಳೆಯುವುದು ಎರಡನ್ನೂ ಕೂಡಿಸಿದ ಮೊತ್ತವನ್ನು.

ಮನುಷ್ಯರ ಕೂಸಿನಲ್ಲೂ ಈ ತೊಡಕಿದೆ, ತಿರುಗಾಮುರುಗಾ. ಹಸುಗೂಸಿನ ರಕ್ತದಲ್ಲಿ ಆ ಹೊರುವ ಪ್ರೋಟೀನ್ ಕಡಿಮೆ. ಒಟ್ಟು ಕಾರ್ಟಿಸೋಲ್ ಕಡಿಮೆ ಕಂಡರೂ ಅದರಲ್ಲಿ ಬಿಡಿಯಾಗಿರುವುದರ ಪಾಲು ಹೆಚ್ಚು. ದೊಡ್ಡವರಲ್ಲಿ ಕಾರ್ಟಿಸೋಲ್ ಬೆಳಗ್ಗೆ ಏರಿ, ನಡುರಾತ್ರಿ ತಳಕ್ಕಿಳಿಯುತ್ತದೆ. ಕೂಸಿಗೆ ಈ ಏರಿಳಿತ ರೂಢಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಇಷ್ಟು ಸಾಲದೆಂಬಂತೆ, ಮನುಷ್ಯ ಭ್ರೂಣದ ಅಡ್ರಿನಲ್‌ನಲ್ಲಿ ದೊಡ್ಡವರಲ್ಲಿ ಇಲ್ಲದ ಒಂದು ವಿಶೇಷ ಪಟ್ಟಿ ಇರುತ್ತದೆ. ಅದು ಎಷ್ಟು ದೊಡ್ಡದೆಂದರೆ, ಬಸಿರಿನ ನಡುಭಾಗದಲ್ಲಿ ಭ್ರೂಣದ ಅಡ್ರಿನಲ್ ಮೂತ್ರಪಿಂಡದಷ್ಟೇ ಗಾತ್ರಕ್ಕೆ ಬೆಳೆದಿರುತ್ತದೆ. ಅಲ್ಲಿ ತಯಾರಾಗುವ ಸ್ಟಿರಾಯ್ಡ್‌ಗಳನ್ನು ಬಳಸಿಕೊಂಡು ಮಾಸು ಈಸ್ಟ್ರೋಜೆನ್ ಮಾಡುತ್ತದೆ. ಹುಟ್ಟಿದ ಮೇಲೆ ಆ ಪಟ್ಟಿಗೆ ಕೆಲಸವಿಲ್ಲ. ಕೆಲವೇ ವಾರಗಳಲ್ಲಿ ಅದು ಕುಗ್ಗತೊಡಗುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ ಎನ್ನುವುದಕ್ಕೆ ಒಂದು ರೋಗದ ಉದಾಹರಣೆ ಸಾಕು. ಕಾರ್ಟಿಸೋಲ್ ತಯಾರಿಕೆಯ ಒಂದು ಕಿಣ್ವ ಹುಟ್ಟಿನಿಂದಲೇ ಕೈಕೊಟ್ಟ ಮಕ್ಕಳಿದ್ದಾರೆ. ಅವರಲ್ಲಿ ದಾರಿ ಮಧ್ಯದ ಸರಕಾದ 17 ಹೈಡ್ರಾಕ್ಸಿ ಪ್ರೊಜೆಸ್ಟಿರೋನ್ ರಾಶಿ ಬೀಳುತ್ತದೆ, ಅದರಲ್ಲಿ ಒಂದು ಪಾಲು ಗಂಡು ಹಾರ್ಮೋನುಗಳ ಕಡೆ ಹರಿಯುತ್ತದೆ. ಹೆಣ್ಣುಮಗುವಾದರೆ ಜನನಾಂಗದ ರೂಪ ನೋಡಿ ವೈದ್ಯರಿಗೆ ಅನುಮಾನ ಬರುತ್ತದೆ. ಗಂಡುಮಗು ನೋಡಲು ಚೆನ್ನಾಗಿಯೇ ಇರುತ್ತದೆ, ಮನೆಗೂ ಹೋಗುತ್ತದೆ. ಎರಡನೆಯ ವಾರದ ಸುಮಾರಿಗೆ ವಾಂತಿ, ತೂಕ ಇಳಿಕೆ, ಮೈಯಿಂದ ಉಪ್ಪು ಸೋರಿಹೋಗಿ ಸೋಡಿಯಂ ಕುಸಿತ. ಹಾಲು ದಕ್ಕುತ್ತಿಲ್ಲ, ದೃಷ್ಟಿ ಆಗಿರಬೇಕು ಎಂದು ಮನೆಯವರು ಕಾಯುತ್ತ ಕೂತರೆ ಮಗು ಕೈತಪ್ಪಬಹುದು. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಅಗ್ಗದ ಮಾತ್ರೆಗಳಿಂದ ಈ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಐದು ಮಹಾನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,700 ಮಕ್ಕಳಿಗೊಂದರಂತೆ ಈ ತೊಂದರೆ ಕಂಡಿತು. ಪತ್ತೆಯ ದಾರಿ ಸರಳ: ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಸೋಸುಕಾಗದದ ಮೇಲೆ ಕೆಲವು ಹನಿ ರಕ್ತ ಇಳಿಸಿ, ಒಣಗಿಸಿ ಲ್ಯಾಬಿಗೆ ಕಳಿಸುವುದು. ಆದರೆ ಆ ಹನಿಯನ್ನು ಹುಟ್ಟಿದ ತಕ್ಷಣ ತೆಗೆಯಬಾರದು, ಎರಡು ದಿನ ಕಳೆಯಬೇಕು. ಹುಟ್ಟಿದಾಗ ಆರೋಗ್ಯವಂತ ಮಗುವಿನಲ್ಲೂ ಅಲ್ಲಿ ಅಳೆಯುವ 17 ಹೈಡ್ರಾಕ್ಸಿ ಪ್ರೊಜೆಸ್ಟಿರೋನ್ ಬಹಳ ಹೆಚ್ಚಿರುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ, ಕಾಯಿಲೆ ಬಿದ್ದ ಮಗುವಿನಲ್ಲಿ ಇನ್ನೂ ಹೆಚ್ಚು. ಭ್ರೂಣದ ಆ ವಿಶೇಷ ಪಟ್ಟಿಯ ಸ್ಟಿರಾಯ್ಡ್‌ಗಳೂ ಪರೀಕ್ಷೆಯಲ್ಲಿ ಅದನ್ನು ಗುರುತು ಹಿಡಿಯುವ ಆಂಟಿಬಾಡಿಯನ್ನು ಮೋಸಗೊಳಿಸಿ ಅಂಕಿಯನ್ನು ಉಬ್ಬಿಸುತ್ತವೆ. ಒಳ್ಳೆಯ ಲ್ಯಾಬುಗಳು ಮಗುವಿನ ತೂಕಕ್ಕೆ, ತುಂಬಿದ ವಾರಗಳಿಗೆ ತಕ್ಕಂತೆ ಬೇರೆ ಬೇರೆ ಮಿತಿ ಇಟ್ಟುಕೊಂಡಿರುವುದು ಇದಕ್ಕೇ. ಅನುಮಾನ ಉಳಿದರೆ ಅಣುತೂಕದಿಂದ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಮತ್ತೆ ನೋಡುತ್ತಾರೆ.

ಮೂರನೆಯ ಪ್ರಶ್ನೆ: ಯಾವ ಹೊತ್ತು, ಯಾವ ಪರಿಸ್ಥಿತಿ?

ರಕ್ತ ತೆಗೆಯುವುದೇ ಒಂದು ಗಾಬರಿ. ಗಾಬರಿಯಾದರೆ ಕಾರ್ಟಿಸೋಲ್ ಏರುತ್ತದೆ. ಹಾಗಾದರೆ ಗಾಬರಿಯಾಗದ ಪ್ರಾಣಿಯ ಕಾರ್ಟಿಸೋಲ್ ಅಳೆಯುವುದು ಹೇಗೆ? ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನಾರ್ಬರ್ಟ್ ಸಾಖ್ಸರ್ ಅವರ ತಂಡ ಗಿನಿ ಪಿಗ್‌ಗಳ ಸಾಮಾಜಿಕ ಬದುಕನ್ನು ದಶಕಗಳ ಕಾಲ ಅಭ್ಯಾಸ ಮಾಡಿದೆ. ಅವರ ವಿಧಾನ ನೋಡಿ: ಪ್ರಾಣಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಕಿವಿಗೆ ರಕ್ತ ಹರಿಯುವಂತೆ ಮಾಡುವ ಮುಲಾಮು ಸವರುತ್ತಾರೆ. ತಣ್ಣನೆಯ ದೀಪವನ್ನು ಕಿವಿಯ ಹಿಂದೆ ಹಿಡಿದರೆ ತೆಳ್ಳಗಿನ ರಕ್ತನಾಳ ಎದ್ದು ಕಾಣುತ್ತದೆ. ಸೂಜಿಯಿಂದ ಚುಚ್ಚಿ, ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ರಕ್ತ ಎಳೆದುಕೊಳ್ಳುತ್ತಾರೆ. ಇಷ್ಟೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ತಡವಾದರೆ ಅಳೆದದ್ದು ಪ್ರಾಣಿಯ ಸಹಜ ಮಟ್ಟವಾಗುವುದಿಲ್ಲ, ನಾವೇ ಹುಟ್ಟಿಸಿದ ಭಯದ ಮಟ್ಟವಾಗುತ್ತದೆ.

ಹೀಗೆ ಅಳೆದಾಗ ಸಿಕ್ಕಿದ್ದು ಸೊಗಸಾದ ಫಲಿತಾಂಶ. ಗಂಡು ಗಿನಿ ಪಿಗ್ ಒಂದನ್ನು ಹೊಸ ಗೂಡಿನಲ್ಲಿ ಒಂಟಿಯಾಗಿ ಬಿಟ್ಟರೆ ಕಾರ್ಟಿಸೋಲ್ ಜಿಗಿಯುತ್ತದೆ. ಜೊತೆಗೆ ಗುರುತಿಲ್ಲದ ಹೆಣ್ಣನ್ನು ಬಿಟ್ಟರೂ ಅಷ್ಟೇ. ಅದಕ್ಕೆ ಅಂಟಿಕೊಂಡ ತನ್ನದೇ ಜೊತೆಗಾತಿ ಪಕ್ಕದಲ್ಲಿದ್ದರೆ ಮಾತ್ರ ಏರಿಕೆ ಗಣನೀಯವಾಗಿ ತಗ್ಗುತ್ತದೆ. ಅಮೆರಿಕದ ಒಹಾಯೊದಲ್ಲಿ ಮೈಕೆಲ್ ಹೆನೆಸಿ ಇದನ್ನೇ ಮರಿಗಳಲ್ಲಿ ನೋಡಿದರು. ತಾಯಿಯಿಂದ ಬೇರೆಯಾದ ಮರಿ ಮೊದಲು ಕೀಚಲು ದನಿಯಲ್ಲಿ ಕೂಗುತ್ತದೆ. ತಾಸು ಕಳೆಯುತ್ತಿದ್ದಂತೆ ದನಿ ಅಡಗುತ್ತದೆ. ಮೈ ಮುದುಡಿ, ಕೂದಲು ನಿಮಿರಿಸಿ, ಕಣ್ಣು ಮುಚ್ಚಿ ಕೂರುತ್ತದೆ. ಜ್ವರ ಬಂದ ಪ್ರಾಣಿ ಕೂರುವುದೂ ಹೀಗೆಯೇ. ಉರಿಯೂತ ತಗ್ಗಿಸುವ ಔಷಧಿ ಕೊಟ್ಟರೆ ಈ ಮಂಕು ಕಡಿಮೆಯಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ತಾಯಿ ಜೊತೆಗಿದ್ದರೆ ಅದೇ ಹೊಸ ಗೂಡಿನಲ್ಲಿ ಮರಿಯ ಕಾರ್ಟಿಸೋಲ್ ಅಷ್ಟು ಏರುವುದಿಲ್ಲ. ಇಲಿ ಮರಿಯಲ್ಲಿ ಈ ಅಭ್ಯಾಸ ಸಲೀಸಲ್ಲ. ಹುಟ್ಟಿದ ಮೊದಲ ಎರಡು ವಾರ ಅದರ ಅಡ್ರಿನಲ್ ಒತ್ತಡಕ್ಕೆ ಬಹಳ ಮಂದವಾಗಿ ಸ್ಪಂದಿಸುತ್ತದೆ. ಗಿನಿ ಪಿಗ್ ಮರಿ ಹುಟ್ಟಿದಾಗಿನಿಂದಲೇ ತಯಾರು.

ರಕ್ತ ತೆಗೆಯುವ ಹೊತ್ತು ತಪ್ಪಿದರೆ ಅಂಕಿ ತಪ್ಪುತ್ತದೆ. ಔಷಧಿಯ ಹೊತ್ತು ತಪ್ಪಿದರೆ ಜೀವದ ಮೇಲೆ ಬರುತ್ತದೆ. ಅಡ್ರಿನಲ್ ಸ್ಟಿರಾಯ್ಡ್‌ಗಳ ವಿಚಾರದಲ್ಲಿ ಇದು ಸ್ಪಷ್ಟವಾಗಿ ಕಂಡದ್ದು ನಮ್ಮ ಬೆಳಗಾವಿಯೂ ಸೇರಿದ್ದ ಎರಡು ದೊಡ್ಡ ಅಧ್ಯಯನಗಳಲ್ಲಿ.

ಹಿನ್ನೆಲೆ ಹೀಗಿದೆ. ನ್ಯೂಜಿಲೆಂಡ್‌ನ ಗ್ರಹಾಂ ಲಿಗಿನ್ಸ್ 1969ರಲ್ಲಿ, ಸ್ಟಿರಾಯ್ಡ್ ಪಡೆದ ಕುರಿಮರಿಗಳು ಅವಧಿಗೆ ಬಹಳ ಮುಂಚೆ ಹುಟ್ಟಿದರೂ ಉಸಿರಾಡಿದ್ದನ್ನು ಗಮನಿಸಿದರು. 1972ರಲ್ಲಿ ಅವರೂ ರಾಸ್ ಹೋವಿಯೂ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿದ್ದ ತಾಯಂದಿರಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಶಿಶುಗಳ ಉಸಿರಾಟದ ತೊಂದರೆ ಕಡಿಮೆಯಾಗಿತ್ತು. ಗಿನಿ ಪಿಗ್‌ನ ಮೆದುಳು ಬಹುಪಾಲು ಹೊಟ್ಟೆಯಲ್ಲೇ ಬೆಳೆಯುವುದರಿಂದ, ಇಂಥ ಚುಚ್ಚುಮದ್ದು ಮೆದುಳಿನ ಮೇಲೆ ಏನು ಮಾಡುತ್ತದೆ ಎಂದು ತಿಳಿಯಲು ಟೊರಾಂಟೊದ ಸ್ಟೀಫನ್ ಮ್ಯಾಥ್ಯೂಸ್ ಮತ್ತಿತರರು ಅದನ್ನೇ ಆರಿಸಿಕೊಂಡರು. ಮತ್ತೆ ಮತ್ತೆ ಸ್ಟಿರಾಯ್ಡ್ ಕೊಟ್ಟರೆ ಮರಿಗಳ ಒತ್ತಡದ ಹಾರ್ಮೋನುಗಳ ವ್ಯವಸ್ಥೆಯೇ ಬದಲಾಗುವುದು ಕಂಡಿತು. ಮನುಷ್ಯರಲ್ಲಿ 2008ರ ಒಂದು ಬಹುದೇಶೀಯ ಅಧ್ಯಯನ, ಹಲವು ಸುತ್ತು ಸ್ಟಿರಾಯ್ಡ್‌ನಿಂದ ಹೆಚ್ಚಿನ ಲಾಭವಿಲ್ಲ, ಮಕ್ಕಳ ತೂಕ ಮತ್ತು ತಲೆಯ ಸುತ್ತಳತೆ ಮಾತ್ರ ಕಡಿಮೆಯಾಗುತ್ತದೆ ಎಂದು ಹೇಳಿತು.

ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳ ಹಳ್ಳಿ ಪಟ್ಟಣಗಳಲ್ಲಿ ನಡೆದ ಮೊದಲ ಅಧ್ಯಯನದ ಫಲಿತಾಂಶ ಬಂದದ್ದು 2015ರಲ್ಲಿ. ಸ್ಟಿರಾಯ್ಡ್ ಬಳಕೆ ಹೆಚ್ಚಿಸಿದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ 27.4, ಹೆಚ್ಚಿಸದ ಕಡೆ 23.9. ಉಳಿಸಬೇಕಾದ ಔಷಧಿ ಕೊಟ್ಟ ಕಡೆಯೇ ಸಾವು ಜಾಸ್ತಿ! ಕೆಲವು ಸಂಗತಿ ಎದ್ದು ಕಂಡವು. ಚುಚ್ಚುಮದ್ದು ಪಡೆದ ಬಹುಪಾಲು ತಾಯಂದಿರಿಗೆ ಹುಟ್ಟಿದ್ದು ಅವಧಿಗೆ ಬಹಳ ಮುನ್ನದ ಎಳೆಯ ಮಕ್ಕಳಲ್ಲ. ಎಷ್ಟು ವಾರ ತುಂಬಿದೆ ಎಂಬ ಅಂದಾಜು ಅಲ್ಲಿ ಸಡಿಲವಾಗಿತ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಎರಡನೆಯ ಅಧ್ಯಯನ ನಡೆಯಿತು. ಇದರಲ್ಲೂ ಬೆಳಗಾವಿ ಇತ್ತು. ಈ ಬಾರಿ ಅಲ್ಟ್ರಾಸೌಂಡ್‌ನಿಂದ ವಾರಗಳನ್ನು ಗಟ್ಟಿ ಮಾಡಿಕೊಂಡು, 26ರಿಂದ 34 ವಾರದೊಳಗಿನ ಬಸುರಿಯರಿಗೆ, ಶಿಶು ಆರೈಕೆಯ ಸೌಲಭ್ಯ ಇರುವಲ್ಲಿ ಮಾತ್ರ ಡೆಕ್ಸಾಮೆಥಾಸೋನ್ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶ: ಔಷಧಿ ಪಡೆದವರ ಶಿಶುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಅಡ್ರಿನಲ್ ಹಾರ್ಮೋನಿನ ದಾಯಾದಿಯಾದ ಅದೇ ಬಗೆಯ ಅಗ್ಗದ ಔಷಧಿ ಒಂದು ಕಡೆ ನಿರಾಸೆ ತಂದಿತು, ಇನ್ನೊಂದು ಕಡೆ ಜೀವ ಉಳಿಸಿತು. ವ್ಯತ್ಯಾಸ ಇದ್ದದ್ದು ಯಾರಿಗೆ, ಯಾವ ವಾರದಲ್ಲಿ, ಎಂಥ ಆಸ್ಪತ್ರೆಯಲ್ಲಿ ಕೊಟ್ಟರು ಎಂಬುದರಲ್ಲಿ.

ಆದ್ದರಿಂದ ಓದುಗರಲ್ಲಿ ಕೆಲವು ಕೋರಿಕೆ. ಮಗುವಿನ ಹಾರ್ಮೋನ್ ರಿಪೋರ್ಟು ಕೈಗೆ ಬಂದಾಗ ಅದರ ಪಕ್ಕದಲ್ಲಿ ಅಚ್ಚಾದ ಸಹಜ ಮಿತಿ ಎಷ್ಟು ದಿನದ, ಎಷ್ಟು ವಾರ ತುಂಬಿದ ಮಗುವಿನದು ಎಂದು ಕೇಳಿ. ದೊಡ್ಡವರ ಮಿತಿಯೊಂದಿಗೆ ತಾಳೆ ನೋಡಿ ಹೆದರಬೇಡಿ, ನಿಶ್ಚಿಂತೆಯಿಂದಲೂ ಕೂರಬೇಡಿ. ನಿಮಗೇ ಕಾರ್ಟಿಸೋಲ್ ಪರೀಕ್ಷೆ ಬರೆದಿದ್ದರೆ ರಕ್ತ ಕೊಟ್ಟ ಗಂಟೆ ರಿಪೋರ್ಟಿನಲ್ಲಿ ಇದೆಯೇ ನೋಡಿ. ಗುಳಿಗೆ, ಇನ್‌ಹೇಲರ್, ಮುಲಾಮು ಯಾವುದರ ರೂಪದಲ್ಲಿ ಸ್ಟಿರಾಯ್ಡ್ ಬಳಸುತ್ತಿದ್ದರೂ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿ ಬಸುರಿ ಇದ್ದರೆ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ, ವಾರಗಳ ಲೆಕ್ಕ ಅಷ್ಟು ಸರಿಯಾಗಿ ಸಿಗುವುದು ಆಗ ಮಾತ್ರ. ಆ ಸ್ಕ್ಯಾನಿನ ಕಾಗದವನ್ನು ತಾಯಿ ಕಾರ್ಡಿನ ಜೊತೆ ಹೆರಿಗೆಯ ತನಕ ಜೋಪಾನವಾಗಿಡಿ. ಅವಧಿಗೆ ಮುನ್ನ ನೋವು ಕಾಣಿಸಿಕೊಂಡರೆ ಸ್ಟಿರಾಯ್ಡ್ ಕೊಡಬೇಕೇ ಬೇಡವೇ ಎಂದು ವೈದ್ಯರು ತೀರ್ಮಾನಿಸುವಾಗ ಮೊದಲು ಕೇಳುವುದು ಅದನ್ನೇ.